ಕಡಿಮೆ ಬಿದ್ದ ತೂಕಕ್ಕೆ

ಸೀಸ ಕೊಳ್ಳುವವನು ಮೊದಲು ಉಗುರು ಬೆಳೆಸಬೇಕು.
ಗೀರಿದರೆ ಬೆಳ್ಳನೆಯ ಗೆರೆ ಏಳಬೇಕು, ಬೆಣ್ಣೆಗೆ ಎದ್ದ ಹಾಗೆ.
ಆಮೇಲೆ ಕಲ್ಲಿನ ಮೇಲೆ ಕೆಡವಿ ಕಿವಿ ಕೊಡಬೇಕು:
ದಪ್ ಅಂದರೆ ನಮ್ಮದು,
ಠಣ್ ಅಂದರೆ ಬೇರೆ ಯಾರದೋ.

ಕೋಡಿಬಾಗದ ಗುಜರಿಯಲ್ಲಿ ಜಿಕ್ರಿಯಾ
ಇಷ್ಟಕ್ಕೆಲ್ಲ ಬಿಡುತ್ತಾನೆ,
ಚಹಾ ಮಾತ್ರ ನಾನೇ ಹೇಳಬೇಕು.

ಬ್ಯಾಟರಿಯ ಹಲಗೆ ತೋರಿಸಿದ. ಬೇಡ ಅಂದೆ.
ಅದನ್ನು ಕರಗಿಸಿ ಕರಗಿಸಿ ನಮ್ಮ ಗಣಪು ಮಾವನ ಬಲಗೈ
ಮಣಿಕಟ್ಟಿನಿಂದ ಜೋತದ್ದು
ಚಟ್ಟದ ಮೇಲೂ ನೆಟ್ಟಗಾಗಲಿಲ್ಲ.
ಲಾರಿ ಗಾಲಿಗೆ ಬಡಿಯುವ ತೂಕದ ತುಂಡು ತೋರಿಸಿದ.
ಈಗೀಗ ಅದರಲ್ಲಿ ಸತುವಿನದೂ ಬರುತ್ತದೆ, ಮಾರಾಯ,
ನಾಲ್ಕು ಬಿದ್ದರೆ ಸಾಕು, ಬಾಣಲೆ ತುಂಬ ಅಂಬಲಿ.

ಮೂಲೆಯಲ್ಲೊಂದು ಗೋಣಿ.
ಅಂಕೋಲೆ ಕಡೆ ಮುಚ್ಚಿದ ಯಾವುದೋ ಪ್ರೆಸ್ಸಿನದಂತೆ,
ಹನ್ನೊಂದು ಕಿಲೋ ಅಕ್ಷರ.
ಕೈ ಇಳಿಸಿದೆ, ಮೊಣಕೈವರೆಗೆ ತಣ್ಣಗಾಯಿತು.
ಒಂದನ್ನು ಗೀರಿದೆ, ಉಗುರು ಮುರಿಯಿತು.
ಕೆಡವಿದೆ. ಠಣ್.

ಅಷ್ಟರಲ್ಲಿ ಜೊಯಿಡಾದ ದಾಸು ವೇಳಿಪ
ಬಸ್ಸಿಳಿದು ಬಂದ, ಹೆಗಲಿಗೆ ಚೀಲ.
ಅವನದು ಮದ್ದು ತುಂಬುವ ಕೋವಿ, ಲೈಸೆನ್ಸಿನದು,
ಗದ್ದೆಗೆ ಬರುವ ಹಂದಿಗೆ.
ಅವನೂ ಉಗುರು ಬೆಳೆಸಿದ್ದ.

ಜಿಕ್ರಿಯಾ ಕೊನೆಗೆ ಒಳಗಿಂದ ತಂದದ್ದು
ಎಕ್ಸ್‌ರೇ ಕೋಣೆಯ ಗೋಡೆಯಿಂದ ಬಿಚ್ಚಿದ ಹಾಳೆ.
ಎಷ್ಟು ಜನರ ಎಲುಬನ್ನು ಹೊರಗೆ ಬಿಡದೆ ಕಾದಿತ್ತೋ,
ಈಗ ವೀಳ್ಯದೆಲೆಯಂತೆ ಮಡಚುತ್ತಿತ್ತು.
ಇಬ್ಬರೂ ಒಟ್ಟಿಗೆ ಗೀರಿದೆವು.

ಬಲೆಯ ಗುಂಡು ಹಗ್ಗಕ್ಕೆ ಕಚ್ಚಿ ಮಡಚಿಕೊಳ್ಳಬೇಕು,
ಗಟ್ಟಿಯಾದರೆ ಬಿರಿಯುತ್ತದೆ.
ಅವನ ಗುಂಡು ನಳಿಗೆಗೆ ಒಪ್ಪಿ ಇಳಿಯಬೇಕು,
ಗಟ್ಟಿಯಾದರೆ ಅರ್ಧದಲ್ಲೇ ಕೂತು ಹಟ ಮಾಡುತ್ತದೆ.
ಇಬ್ಬರಿಗೂ ಮೆತ್ತಗಿನದೇ ಬೇಕು,
ಕೊಲ್ಲುವುದಕ್ಕೆ.

ಅಕ್ಷರದ ಗೋಣಿಯನ್ನು ಯಾರೂ ಕೇಳಲಿಲ್ಲ.

ಕತ್ತರಿಸಿ ಹಂಚಿದ. ನನ್ನ ಪಾಲು ನಾಲ್ಕೂವರೆ,
ತಕ್ಕಡಿ ಒಂದು ಕೂದಲೆಳೆ ನನ್ನ ವಿರುದ್ಧ.
ಜಿಕ್ರಿಯಾ ಗೋಣಿಗೆ ಕೈ ಹಾಕಿ
ಒಂದು ಮುಷ್ಟಿ ತಂದು ಸುರಿದ:
“ಈಗ ಸಮ ಆಯ್ತಲ್ಲ?”

ಸುಗಂಧಿ ಗಾಳಿಯ ದಿಕ್ಕು ನೋಡಿ ಹಿತ್ತಲಲ್ಲಿ ಒಲೆ ಹೂಡಿದಳು,
ಮಕ್ಕಳನ್ನು ಅತ್ತೆಯ ಮನೆಗೆ ಅಟ್ಟಿದಳು.
ಮುಷ್ಟಿ ಬಿಚ್ಚಿ ಆರಿಸಿದೆ: ಬರೀ ಒತ್ತು, ದೀರ್ಘ,
ಪೂರ್ಣವಿರಾಮ ಹದಿನಾರು.
ಪೂರ್ತಿ ಅಕ್ಷರ ಅಂತ ಇದ್ದದ್ದು ಒಂದು, ಕನ್ನಡಿಯೊಳಗಿನ ಹಾಗೆ ತಿರುಗಿ:
ಣ.

ಉಳಿದವನ್ನು ಬಾಣಲೆಗೆ ಹಾಕಿದೆ.
ಉಗುರು ಮುರಿದ ಜಾತಿ, ಅವೇ ಮೊದಲು ಕರಗಿದವು.
ಎಕ್ಸ್‌ರೇಯ ಹಾಳೆ ಇನ್ನೂ ಮಡಚಿಕೊಂಡು
ಏನೂ ಆಗದವರಂತೆ ಕೂತಿತ್ತು.

ಗುಂಡು ಆರಿದ ಮೇಲೆ ಏನೋ ತೋಚಿ
ಒಂದರ ಮೇಲೆ ಣ ಇಟ್ಟು ಸುತ್ತಿಗೆ ತಾಗಿಸಿದೆ.
ನೆಟ್ಟಗೆ ಮೂಡಿತು.
ಯಾರ ಹೆಸರೂ ಇದರಿಂದ ಶುರುವಾಗುವುದಿಲ್ಲವಲ್ಲ, ಅಂದಳು.
ಹೌದು. ಹಣ, ಋಣ, ಹೆಣ,
ಬರುವುದೇ ಕೊನೆಗೆ.
ನೂರಾ ನಲವತ್ತು ಗುಂಡಿಗೂ ಹೊಡೆದೆ,
ಕತ್ತಲಾಗುವವರೆಗೆ.

ಆ ವರ್ಷ ಶೆವಟೆ ಚೆನ್ನಾಗಿ ಬಿತ್ತು.
ದೋಣಿಯವರು ನನ್ನ ಬಲೆಯನ್ನು ಗುರುತು ಹಿಡಿದು
“ಣ ಬಂತು” ಅನ್ನುತ್ತಿದ್ದರು, ನನ್ನನ್ನೂ ಸೇರಿಸಿ.

ಮೊನ್ನೆ ಹುಣ್ಣಿಮೆಯ ಇಳಿತಕ್ಕೆ
ಸದಾಶಿವಗಡದ ಮಗ್ಗುಲಲ್ಲಿ ಬಂಡೆಗೆ ಸಿಕ್ಕಿ
ಬಲೆಯ ಒಂದು ಅಂಚು ಹರಿದು ಹೋಯಿತು.
ಮೂವತ್ತೆಂಟು ಣ ಕಾಳಿಯ ತಳದಲ್ಲಿ.

ಈಗ ಕಿಲೋಗೆ ಎಷ್ಟಂತೆ, ಸುಗಂಧಿ ಕೇಳಿದಳು.
ಕೈ ತಿರುಗಿಸಿ ನೋಡಿಕೊಂಡೆ.
ಉಗುರು ಇನ್ನೂ ಬೆಳೆದಿಲ್ಲ.